ಅಪ್ಲೈ ಮಾಡಿ ಮಾಡಿ ಸಾಕಾಯ್ತು, ಯಾರೂ ಕರೀತಿಲ್ಲ: ಎಲ್ಲಿ ಕೆಟ್ಟಿದೆ ಅಂತ ಹುಡುಕೋದು ಹೇಗೆ

ನಮ್ಮಪ್ಪನ ಜಮೀನು ಪಾಂಡವಪುರದ ಹತ್ರ. ಮೋಟ್ರು ಓಡ್ಲಿಲ್ಲ ಅಂದ್ರೆ ಅಪ್ಪ ಸೀದಾ ಪಂಪ್ ಎತ್ತಿಸ್ತಿರಲಿಲ್ಲ, ಎತ್ತಿಸೋಕೆ ಆಳು ಬೇಕು ದುಡ್ಡು ಬೇಕು ಒಂದು ದಿನ ಹಾಳು. ಮೊದಲು ಮೂರು ಫೇಸೂ ಬರ್ತಿದೆಯಾ ನೋಡೋರು, ಆಮೇಲೆ ಫ್ಯೂಸು, ಆಮೇಲೆ ಕೇಬಲ್‌ನ ಇಲಿ ಗಿಲಿ ಕಡಿದಿದೆಯಾ ಅಂತ ಬದು ಉದ್ದಕ್ಕೂ ನಡ್ಕೊಂಡು ಹೋಗೋರು, ಇದೆಲ್ಲ ಆದ್ಮೇಲೇನೇ ಪಂಪಿನ ಮಾತು. ಬಹಳ ಸಲ ಫ್ಯೂಸಲ್ಲೇ ಮುಗೀತಿತ್ತು.

ನಾನು ಮೈಸೂರಿನ ಕೂರ್ಗಳ್ಳಿ ಕಡೆ ಒಂದು ಫ್ಯಾಕ್ಟರೀಲಿ ಮೊದಲು ಮೇಂಟೆನೆನ್ಸಲ್ಲಿದ್ದೆ, ಈಗ ಎಂಟು ವರ್ಷದಿಂದ ಎಚ್‌ಆರ್ ಟೇಬಲ್ಲಲ್ಲಿ ಕೂತಿದ್ದೀನಿ. ಒಂದು ಪೋಸ್ಟ್ ಖಾಲಿ ಇದೆ ಅಂತ ಹಾಕಿದ್ರೆ ಸೋಮವಾರ ಬೆಳಗ್ಗೆ ಹೊತ್ತಿಗೆ ಮುನ್ನೂರು ನಾನೂರು ರೆಸ್ಯೂಮ್ ಬಿದ್ದಿರ್ತವೆ, ಅದರಲ್ಲಿ ಮುಕ್ಕಾಲು ಒಂದೇ ಅಚ್ಚಲ್ಲಿ ತೆಗೆದ ಇಟ್ಟಿಗೆ ಥರ. ಊರ ಕಡೆ ಹೋದ್ರೆ ಹುಡುಗ್ರು ಹಿಡ್ಕೊತಾರೆ, "ಅಣ್ಣ, ಇನ್ನೂರು ಕಡೆ ಹಾಕಿವ್ನಿ, ಒಬ್ರೂ ಕರೀತಿಲ್ಲ ಕಣಣ್ಣ" ಅಂತ. ತಕ್ಷಣ ಅವರು ಮಾಡೋದೇನು ಅಂದ್ರೆ ಐವತ್ತು ಸಾವಿರ ಕೊಟ್ಟು ಬೆಂಗ್ಳೂರಲ್ಲಿ ಕೋರ್ಸ್ ಸೇರ್ಕೊಳೋದು. ಅಂದ್ರೆ ಫ್ಯೂಸ್ ನೋಡ್ದೇನೇ ಪಂಪ್ ಎತ್ತಿಸಿದಂಗೆ. ಅದಕ್ಕೇ ಇದನ್ನ ಬರೀತಿರೋದು, ಪುಕ್ಕಟೆ ಚೆಕ್ ಮೊದಲು, ಖರ್ಚಿಂದು ಆಮೇಲೆ.

ಏನೂ ಬಿಚ್ಚೋ ಮುಂಚೆ: ಎಲ್ಲಿವರೆಗೂ ಹೋಗಿ ನಿಂತಿದೆ?

ಒಂದು ನಲವತ್ತು ಪೇಜಿನ ನೋಟ್‌ಬುಕ್ ತಗೊಳಿ. ತಾರೀಕು, ಕಂಪ್ನಿ, ಪೋಸ್ಟು, ಯಾವ ರೆಸ್ಯೂಮ್ ಕಳಿಸಿದ್ರಿ, ಏನಾಯ್ತು, ಅಷ್ಟೇ ಬರೀರಿ. ಮೊಬೈಲಲ್ಲಿ ಬರ್ಕೊತೀನಿ ಅಂತೀರ, ಬರ್ಕೊಳಲ್ಲ, ನಂಗೊತ್ತು. ಇಪ್ಪತ್ತು ಇಪ್ಪತ್ತೈದು ಅಪ್ಲಿಕೇಶನ್ ಆದ್ಮೇಲೆ ಆ ಪೇಜ್ ನೋಡಿದ್ರೆ ಗೊತ್ತಾಗುತ್ತೆ: ಫೋನೇ ಬರ್ತಿಲ್ವಾ, ಫೋನ್ ಬಂದು ಅಲ್ಲೇ ಮುಗೀತಿದೆಯಾ, ಇಂಟರ್ವ್ಯೂಗೆ ಹೋಗಿ ಬಂದು ಮುಗೀತಿದೆಯಾ, ಇಲ್ಲಾ ಎಲ್ಲಾ ಆಗಿ ಕೊನೇಲಿ ಕೈ ಕೊಡ್ತಿದೆಯಾ. ಒಂದೊಂದಕ್ಕೂ ಕಾರಣ ಬೇರೆ. ಫೋನೇ ಬರದೇ ಇರೋನು ಇಂಟರ್ವ್ಯೂ ಕೋಚಿಂಗ್‌ಗೆ ಹೋದ್ರೆ ದಂಡ, ಇಂಟರ್ವ್ಯೂಲಿ ಬೀಳೋನು ರೆಸ್ಯೂಮ್‌ಗೆ ಬಣ್ಣ ಬಳಿದ್ರೂ ದಂಡ.

ಇನ್ನೊಂದು, ಒಂದು ಸಲಕ್ಕೆ ಒಂದೇ ಬದಲಾಯಿಸಿ. ಫ್ಯೂಸೂ ಕೆಪಾಸಿಟರೂ ಕೇಬಲ್ಲೂ ಒಟ್ಟಿಗೆ ಬದಲಾಯಿಸಿದ್ರೆ ಓಡ್ತು ಅಂತಾದ್ರೂ ಯಾವುದರಿಂದ ಓಡ್ತು ಅಂತ ಗೊತ್ತಾಗಲ್ಲ, ನಾಳೆ ಮತ್ತೆ ನಿಂತ್ರೆ ಮತ್ತೆ ತಡಕಾಡಬೇಕು.

ಲಕ್ಷಣ: ಎಷ್ಟು ಹಾಕಿದ್ರೂ ಒಂದು ಫೋನೂ ಬರಲ್ಲ

ನಗಬೇಡಿ, ಮೊದಲ ಚೆಕ್ ಫೋನ್ ನಂಬರ್. ನಾನೇ ಡಿಪ್ಲೊಮಾ ಮುಗಿಸಿ ಕೆಲಸ ಹುಡುಕ್ತಿದ್ದಾಗ ಸಿಮ್ ಬದಲಾಯಿಸಿದೆ, ರೆಸ್ಯೂಮಲ್ಲಿ ಹಳೇ ನಂಬರೇ ಉಳೀತು, ಮೂರು ತಿಂಗಳು "ಮೈಸೂರಲ್ಲಿ ಕೆಲಸಾನೇ ಇಲ್ಲ" ಅಂತ ಎಲ್ಲರ ಹತ್ರ ಹೇಳ್ಕೊಂಡು ಓಡಾಡಿದ್ದೀನಿ. ಈಗ್ಲೇ ರೆಸ್ಯೂಮ್ ತೆಗೆದು ಅದರಲ್ಲಿರೋ ನಂಬರ್‌ಗೆ ಇನ್ನೊಂದು ಫೋನಿಂದ ಕಾಲ್ ಮಾಡಿ. ಅದರಲ್ಲಿರೋ ಮೇಲ್ ಐಡಿನ ಹಾಗೇ ನೋಡ್ಕೊಂಡು ಟೈಪ್ ಮಾಡಿ ಒಂದು ಮೇಲ್ ಕಳಿಸಿ. ಸ್ಪ್ಯಾಮ್ ಫೋಲ್ಡರ್ ತೆಗೆದು ನೋಡಿ, ಇಂಟರ್ವ್ಯೂಗೆ ಕರೆದಿರೋ ಮೇಲ್ ಅಲ್ಲಿ ಮಲಗಿರೋದನ್ನ ನಾನು ಕಣ್ಣಾರೆ ನೋಡಿದ್ದೀನಿ. ಮೇಲ್ ಐಡಿ "ಲವ್ಲಿ ಬಾಯ್ 007" ಅಂತ ಇದ್ರೆ ಹೆಸರಿನ ಮೇಲೊಂದು ಹೊಸದು ಮಾಡ್ಕೊಳಿ, ಪುಕ್ಕಟೆ.

ಆಮೇಲೆ ಟ್ರೂಕಾಲರ್. ಒಬ್ಬ ಹುಡುಗನಿಗೆ ಫೋನ್ ಮಾಡಿದೆ, ಸ್ಕ್ರೀನ್ ಮೇಲೆ "ಮಂಜ ಟ್ರ್ಯಾಕ್ಟರ್ ಬಾಡಿಗೆ" ಅಂತ ಬಂತು, ತಪ್ಪು ನಂಬರ್ ಅನ್ಕೊಂಡು ಕಟ್ ಮಾಡ್ಬಿಟ್ಟೆ. ಅವನು ಕ್ವಾಲಿಟಿ ಇನ್ಸ್‌ಪೆಕ್ಟರ್ ಕೆಲಸಕ್ಕೆ ಹಾಕಿದ್ದ, ಸೀಸನ್ನಲ್ಲಿ ಅವರಪ್ಪ ಟ್ರ್ಯಾಕ್ಟರ್ ಬಾಡಿಗೆಗೆ ಅದೇ ನಂಬರ್ ಕೊಡ್ತಿದ್ರಂತೆ. ಇನ್ನು ಕೆಲವರು ಮನೆ ನಂಬರ್ ಕೊಟ್ಟಿರ್ತಾರೆ, ನಾವು ಫೋನ್ ಮಾಡಿದ್ರೆ ಆ ಕಡೆಯಿಂದ "ಯಾರ್ ಬೇಕಿತ್ತು? ಅವ್ನು ಗದ್ದೆ ತಾವ ಹೋಗವ್ನೆ" ಅಂತ ಬರುತ್ತೆ. ನಾವು ಹೆಸರು ನಂಬರ್ ಹೇಳಿ ಇಡ್ತೀವಿ, ಅದು ಹುಡುಗನ ಕಿವಿಗೆ ಬೀಳೋದೇ ಇಲ್ಲ. ಗೊತ್ತಿಲ್ಲದ ನಂಬರ್ ಎತ್ತಲ್ಲ ಅನ್ನೋ ಶಪಥ ಇದ್ರೆ ಕೆಲಸ ಸಿಗೋವರೆಗೂ ಅದನ್ನ ಪಕ್ಕಕ್ಕಿಡಿ. ಮಿಸ್ ಆದ್ರೆ ಅವತ್ತೇ ವಾಪಸ್ ಮಾಡಿ, ನಾಲ್ಕು ದಿನ ಬಿಟ್ಟು ಮಾಡಿದ್ರೆ ನಮಗೂ ನೆನಪಿರಲ್ಲ.

ಇಷ್ಟೂ ಸರಿ ಇದ್ರೆ ಫೈಲ್ ನೋಡಿ. ರೆಸ್ಯೂಮ್ ಪಿಡಿಎಫ್ ತೆಗೆದು ಎಲ್ಲಾ ಸೆಲೆಕ್ಟ್ ಮಾಡಿ ಕಾಪಿ ಮಾಡಿ, ಖಾಲಿ ನೋಟ್‌ಪ್ಯಾಡಲ್ಲಿ ಪೇಸ್ಟ್ ಮಾಡಿ. ಹೆಸರು, ನಂಬರ್, ಓದು, ಕೆಲಸ ಎಲ್ಲ ಸಾಲಾಗಿ ಬಂದ್ರೆ ಸರಿ. ಏನೂ ಬರ್ಲಿಲ್ಲ ಅಂದ್ರೆ ಅದು ಫೋಟೋ, ಅಂದ್ರೆ ಪ್ರಿಂಟ್ ತೆಗೆದು ಮೊಬೈಲಲ್ಲಿ ಸ್ಕ್ಯಾನ್ ಮಾಡಿದ್ದು, ಅದರೊಳಗೆ ಅಕ್ಷರಾನೇ ಇಲ್ಲ, ಕಂಪ್ಯೂಟರ್‌ಗೆ ಅದೊಂದು ಚಿತ್ರ ಅಷ್ಟೇ. ಎಡಗಡೆದು ಬಲಗಡೆದು ಕಲಸಿ ಬಂದ್ರೆ ನಿಮ್ಮದು ಎರಡು ಕಾಲಮ್ಮಿನ ಡಿಸೈನು. ಆ ಡಿಸೈನ್ ನೋಡೋಕೆ ಚೆಂದ, ಮದುವೆ ಕಾರ್ಡ್ ಥರ, ಆದ್ರೆ ಕಂಪ್ನಿಗಳು ಇಟ್ಕೊಂಡಿರೋ ಸಾಫ್ಟ್‌ವೇರ್ ಅದನ್ನ ತಪ್ಪಾಗಿ ಓದೋ ಸಾಧ್ಯತೆ ಜಾಸ್ತಿ, ಟೇಬಲ್ ಒಳಗಿರೋದು ಹೆಡರಲ್ಲಿರೋದು ಕೆಲವು ಸಲ ಬಿಟ್ಟೇ ಹೋಗುತ್ತೆ. ಯೂಟ್ಯೂಬಲ್ಲಿ "ಸಾಫ್ಟ್‌ವೇರೇ ನಿಮ್ಮನ್ನ ರಿಜೆಕ್ಟ್ ಮಾಡುತ್ತೆ" ಅಂತ ಹೆದರಿಸ್ತಾರಲ್ಲ, ಬಹುಪಾಲು ಅಷ್ಟೆಲ್ಲ ಇಲ್ಲ ಕಣ್ರೀ. ನಾವು "ಸಿಎನ್‌ಸಿ" (ಕಂಪ್ಯೂಟರ್ ನಡೆಸೋ ಮಷಿನ್) ಅಂತ ಹುಡುಕ್ತೀವಿ, ನಿಮ್ಮ ಫೈಲಲ್ಲಿ ಆ ಪದ ಓದೋಕೆ ಬರಲ್ಲ, ನೀವು ಲಿಸ್ಟಲ್ಲೇ ಬರಲ್ಲ, ಯಾರೂ ಬೇಡ ಅಂದಿಲ್ಲ, ಯಾರೂ ನೋಡಿಲ್ಲ. ಒಂದೇ ಕಾಲಮ್, ಒಂದೇ ಫಾಂಟು, ಮಾಮೂಲಿ ಹೆಡ್ಡಿಂಗು. ಫೈಲಿನ ಹೆಸರು "ನ್ಯೂ ರೆಸ್ಯೂಮ್ ಫೈನಲ್ 3" ಅಂತಿದ್ರೆ ತೆಗೆದು ನಿಮ್ಮ ಹೆಸರು ಮತ್ತೆ ಪೋಸ್ಟಿನ ಹೆಸರು ಇಡಿ, ನಮ್ಮ ಡೌನ್‌ಲೋಡ್ ಫೋಲ್ಡರಲ್ಲಿ ಆಗ್ಲೇ ಮೂವತ್ತು "ಫೈನಲ್" ಇದಾವೆ.

ನೌಕ್ರಿ ಥರದ ಕೆಲಸ ಹುಡುಕೋ ವೆಬ್‌ಸೈಟಲ್ಲಿ ಪ್ರೊಫೈಲ್ ಮಾಡಿ ಆರು ತಿಂಗಳು ಮುಟ್ಟಿಲ್ಲ ಅಂದ್ರೆ ಅದೂ ಒಂದು ಕಾರಣ. ಹುಡುಕೋರು ಇಷ್ಟು ದಿನದೊಳಗೆ ಆಕ್ಟಿವ್ ಇರೋರು ಮಾತ್ರ ತೋರಿಸು ಅಂತ ಫಿಲ್ಟರ್ ಹಾಕ್ತಾರೆ. ವಾರಕ್ಕೊಂದು ಸಲ ಒಳಗೆ ಹೋಗಿ ಏನಾದ್ರೂ ನಿಜವಾಗಿ ತಿದ್ದೋದಿದ್ರೆ ತಿದ್ದಿ. ಊರು ಮಂಡ್ಯ ಅಂತ ಹಾಕಿರ್ತೀರ, ಮೈಸೂರಿಗೂ ಬರ್ತೀನಿ ಅನ್ನೋದನ್ನ ಹಾಕಿರಲ್ಲ, ಅದೂ ನೋಡಿ.

ಈಗ ಸ್ವಲ್ಪ ಕಷ್ಟದ್ದು. ಮೇಲಿಂದೆಲ್ಲ ಸರಿ ಇದ್ದೂ ಫೋನ್ ಇಲ್ಲ ಅಂದ್ರೆ ಎರಡರಲ್ಲಿ ಒಂದು. ಒಂದು, ನೀವು ಹಾಕ್ತಿರೋ ಕೆಲಸಕ್ಕೂ ನಿಮಗೂ ಸಂಬಂಧ ಇಲ್ಲ. ಐದು ವರ್ಷ ಅನುಭವ ಕೇಳಿದ ಕಡೆ ಫ್ರೆಶರ್ ಹಾಕೋದು, ಒಂದೇ ರಾತ್ರೀಲಿ ಮೊಬೈಲಲ್ಲಿ ಎಂಬತ್ತು ಸಲ ಅಪ್ಲೈ ಒತ್ತೋದು, ಅದು ಅಪ್ಲಿಕೇಶನ್ ಲೆಕ್ಕಕ್ಕೆ ಬರಲ್ಲ, ಬೆರಳಿಗೆ ವ್ಯಾಯಾಮ. ಜಾಹೀರಾತಲ್ಲಿ ಕೇಳಿರೋದನ್ನ ಒಂದು ಪೇಪರಲ್ಲಿ ಬರ್ಕೊಂಡು ಅರ್ಧಕ್ಕಿಂತ ಜಾಸ್ತಿ ನಿಮ್ಮ ಹತ್ರ ಇದ್ರೆ ಹಾಕಿ, ಇಲ್ಲಾಂದ್ರೆ ಮುಂದಕ್ಕೆ ಹೋಗಿ. ಇದು ನನ್ನ ಅಂದಾಜಿನ ಲೆಕ್ಕ, ಶಾಸ್ತ್ರ ಏನಲ್ಲ.

ಎರಡನೇದು, ಇದೇ ಬಹಳ ಜನರ ರೋಗ: ರೆಸ್ಯೂಮಲ್ಲಿ ನೀವೇ ಇಲ್ಲ. ಹೋದ ವರ್ಷ ನಾಗಮಂಗಲ ಕಡೆಯ ಒಬ್ಬ ಹುಡುಗಿ, ಬಿಕಾಂ, ಸ್ಟೋರ್ಸ್ ಅಸಿಸ್ಟೆಂಟ್ ಕೆಲಸಕ್ಕೆ ಬಂದಿದ್ಲು. ರೆಸ್ಯೂಮಲ್ಲಿ ಇದ್ದಿದ್ದು "ಕಷ್ಟಪಟ್ಟು ಕೆಲಸ ಮಾಡ್ತೀನಿ, ಟೀಮಲ್ಲಿ ಹೊಂದ್ಕೊತೀನಿ, ಬೇಗ ಕಲೀತೀನಿ", ಹವ್ಯಾಸ ಹಾಡು ಕೇಳೋದು, ಕೊನೇಲಿ ಮೇಲ್ಕಂಡ ಎಲ್ಲವೂ ಸತ್ಯ ಅಂತ ಒಂದು ಪ್ರಮಾಣ. ಎರಡು ನಿಮಿಷದಲ್ಲಿ ಕಳಿಸೋದೇ ಇತ್ತು. ಸುಮ್ನೆ ಕೇಳ್ದೆ, ಡಿಗ್ರಿ ಓದ್ತಾ ಮನೇಲಿ ಏನ್ ಮಾಡ್ತಿದ್ದೆಯಮ್ಮ ಅಂತ. "ಏನಿಲ್ಲ ಸಾರ್, ನಮ್ಮೂರ ಡೇರೀಲಿ ಬೆಳಗ್ಗೆ ಸಾಯಂಕಾಲ ಹಾಲು ಬರೆಸ್ಕೊತಿದ್ದೆ" ಅಂದ್ಲು. ಎಷ್ಟು ಜನ ಹಾಲು ಹಾಕ್ತಾರೆ ಅಂದ್ರೆ ನೂರ ಹತ್ತು ಜನ. ಲೀಟರ್ ಬರ್ಕೊಂಡು, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಲ್ಲಿರೋ ಗಟ್ಟಿ ಅಂಶ) ನೋಡಿ, ಬಟವಾಡೆ ದಿನ ಒಬ್ಬೊಬ್ಬರ ಲೆಕ್ಕ ಮಾಡಿ, ಫೀಡ್ ಸಾಲ ಹಿಡ್ಕೊಂಡು ಮಿಕ್ಕಿದ್ದು ಎಷ್ಟು ಅಂತ ಹೇಳೋದು. ಎರಡು ವರ್ಷ. ಲೆಕ್ಕ ಒಂದು ರೂಪಾಯಿ ಹೆಚ್ಚು ಕಮ್ಮಿ ಆದ್ರೆ ಊರಲ್ಲಿ ಅಜ್ಜೀರು ಬಿಡ್ತಾರಾ? ನಮ್ಮ ಸ್ಟೋರಲ್ಲಿ ಮಾಡೋದೂ ಅದನ್ನೇ ಅಲ್ವಾ, ಒಳಗೆ ಬಂದಿದ್ದು ಬರ್ಕೊಳೋದು, ಹೊರಗೆ ಹೋಗಿದ್ದು ಬರ್ಕೊಳೋದು, ತಿಂಗಳ ಕೊನೇಲಿ ಟ್ಯಾಲಿ ಮಾಡೋದು. ಇದ್ಯಾಕಮ್ಮ ಬರೀಲಿಲ್ಲ ಅಂದ್ರೆ "ಅದೇನ್ ಕೆಲಸ ಅಂತ ಬರೀಲಿ ಸಾರ್" ಅಂದ್ಲು.

ಆ ರೆಸ್ಯೂಮ್‌ನ ಅಲ್ಲೇ ಕೂತು ತಿದ್ದಿದ್ವಿ. "ಬೇಗ ಕಲೀತೀನಿ" ಹೊಡೆದು ಹಾಕಿ, "ಹಳ್ಳಿ ಹಾಲಿನ ಡೇರಿಯಲ್ಲಿ ಎರಡು ವರ್ಷ, ದಿನಕ್ಕೆ ಎರಡು ಹೊತ್ತು, 110 ಜನರ ಹಾಲಿನ ಅಳತೆ, ಗುಣಮಟ್ಟದ ದಾಖಲೆ ಮತ್ತು ಬಟವಾಡೆ ಲೆಕ್ಕ" ಅನ್ನೋದನ್ನ ಇಂಗ್ಲಿಷಲ್ಲಿ ಎರಡು ಸಾಲು. ಎದ್ದು ಕಾಣಬೇಕು ಅಂತ ಎಲ್ಲರೂ ಒದ್ದಾಡ್ತಾರಲ್ಲ, ನಾನೂರು ರೆಸ್ಯೂಮಿನ ಮಧ್ಯೆ ನನ್ನ ಕಣ್ಣು ನಿಲ್ಲೋದು ಇಂಥ ಸಾಲಿನ ಮೇಲೇನೇ: ಎಲ್ಲಿ, ಎಷ್ಟು ದಿನ, ಎಷ್ಟು ಸಂಖ್ಯೆ, ಕೇಳಿದ್ರೆ ಉತ್ತರ ಹೇಳೋಕಾಗೋ ಥರದ್ದು. ನಿಮ್ಮದೂ ಇರುತ್ತೆ. ದಸರಾ ಟೈಮಲ್ಲಿ ಹೋಟ್ಲಲ್ಲಿ ಬಿಲ್ಲಿಂಗ್ ಕೂತಿರ್ತೀರ, ಅಣ್ಣನ ಗ್ಯಾರೇಜಲ್ಲಿ ಸ್ಪೇರ್ ಪಾರ್ಟ್ಸ್ ಲೆಕ್ಕ ಇಟ್ಟಿರ್ತೀರ, ಆಲೆಮನೇಲಿ ಆಳುಗಳ ಕೂಲಿ ಬರೆದಿರ್ತೀರ. ಸಂಖ್ಯೆ ಹಾಕೋವಾಗ ಮಾತ್ರ ಸುಳ್ಳು ಬೇಡ, 110 ಇದ್ದಿದ್ದನ್ನ 500 ಮಾಡಿದ್ರೆ ಎರಡನೇ ಪ್ರಶ್ನೆಗೇ ಸಿಕ್ಕಿಬೀಳ್ತೀರ.

ಇದಾದ್ಮೇಲೂ ಇಪ್ಪತ್ತೈದಕ್ಕೆ ಒಂದು ಫೋನೂ ಇಲ್ಲ ಅಂದ್ರೆ ಒಬ್ಬರೇ ಕೂತು ತಿದ್ದೋದು ನಿಲ್ಸಿ. ಅದೇ ಕೆಲಸದಲ್ಲಿ ಈಗ ಇರೋ ಒಬ್ಬರಿಗೆ ತೋರಿಸಿ, ಕಾಲೇಜ್ ಸೀನಿಯರ್ ಆದ್ರೂ ಸರಿ. "ಕೆಲಸ ಕೊಡ್ಸಿ ಅಣ್ಣ" ಅಂದ್ರೆ ತಪ್ಪಿಸ್ಕೊತಾರೆ, "ಹತ್ತು ನಿಮಿಷ ಇದನ್ನ ನೋಡಿ ಏನ್ ಕೊರತೆ ಹೇಳಿ ಅಣ್ಣ" ಅಂದ್ರೆ ನೋಡ್ತಾರೆ.

ಲಕ್ಷಣ: ಫೋನ್ ಬರುತ್ತೆ, ಎರಡೇ ನಿಮಿಷ, "ತಿಳಿಸ್ತೀವಿ" ಅಂತಾರೆ

ಇದರ ಅರ್ಥ ರೆಸ್ಯೂಮ್ ಕೆಲಸ ಮಾಡ್ತಿದೆ, ಅದನ್ನ ಮುಟ್ಟೋಕೆ ಹೋಗಬೇಡಿ. ಫೋನಲ್ಲಿ ನಾವು ಕೇಳೋದು ಮೂರೇ: ಎಲ್ಲಿದ್ದೀರ, ಯಾವಾಗ ಬಂದು ಸೇರ್ತೀರ, ಎಷ್ಟು ಸಂಬಳ. ಅದರಲ್ಲೊಂದು ಹೊಂದ್ತಿಲ್ಲ.

ಜಾಗದ ವಿಷಯಕ್ಕೆ, ಮದ್ದೂರಿಂದ ದಿನಾ ಬಂದು ಹೋಗ್ತೀನಿ ಅನ್ನೋರಿಗೆ ಶಿಫ್ಟ್ ಏನು ಅಂತ ಗೊತ್ತಿರಲ್ಲ. ಬೆಳಗ್ಗೆ ಆರಕ್ಕೆ ಶುರುವಾಗೋ ಶಿಫ್ಟಿಗೆ ಯಾವ ಟ್ರೇನಲ್ಲಿ ಬರ್ತೀರ ಅಂದ್ರೆ ಸೈಲೆಂಟು. ಮೊದಲೇ ನೋಡ್ಕೊಂಡು, "ಶಿಫ್ಟ್ ಇದ್ರೆ ಹೂಟಗಳ್ಳೀಲಿ ರೂಮ್ ಮಾಡ್ತೀನಿ ಸಾರ್" ಅಂದ್ರೆ ಮಾತು ಮುಂದಕ್ಕೆ ಹೋಗುತ್ತೆ.

ಸಂಬಳಕ್ಕೆ ಬಂದ್ರೆ ಸಿಟಿಸಿ (ನಿಮ್ಮ ಮೇಲೆ ಕಂಪ್ನಿ ಮಾಡೋ ಒಟ್ಟು ಖರ್ಚು) ಅಂದ್ರೇನು ಕೈಗೆ ಬರೋದೆಷ್ಟು ಅನ್ನೋದು ಗೊತ್ತಿಲ್ಲದೇ ಅರ್ಧ ಜನ ಜಾಸ್ತಿ ಕೇಳಿ ಹೋಗ್ತಾರೆ, ಇನ್ನರ್ಧ ಕಮ್ಮಿ ಕೇಳಿ ಆಮೇಲೆ ಬೇಜಾರಾಗ್ತಾರೆ. ಲೆಕ್ಕ ನೋಡಿ, ತಿಂಗಳಿಗೆ 25,000 ಸಿಟಿಸಿ, ಅದರಲ್ಲಿ ಬೇಸಿಕ್ 12,500 ಅನ್ಕೊಳಿ. ಪಿಎಫ್ ಬೇಸಿಕ್‌ನ 12%, ಅಂದ್ರೆ ಕಂಪ್ನಿ ಹಾಕೋದು 1,500, ಇದೂ ಆ 25,000 ಒಳಗೇ. ಗ್ರಾಚ್ಯುಟಿ, ಅಂದ್ರೆ ಕೆಲಸ ಬಿಡೋವಾಗ ಕೊಡೋ ದುಡ್ಡಿಗೆ ಅಂತ ಬೇಸಿಕ್‌ನ 4.81%, ಸುಮಾರು 600, ಇದೂ ಒಳಗೇ. ಆಮೇಲೆ ನಿಮ್ಮ ಪಾಲಿನ ಪಿಎಫ್ ಇನ್ನೊಂದು 1,500. ಕೈಗೆ ಬರೋದು 21,400 ಆಸುಪಾಸು. ಫೋನಲ್ಲಿ "ಕೈಗೆ ಇಪ್ಪತ್ತೊಂದು ಬಂದ್ರೆ ಸಾಕು ಸಾರ್" ಅಂತ ಸ್ಪಷ್ಟವಾಗಿ ಹೇಳಿದ್ರೆ ನಮಗೂ ಸುಲಭ.

ಇಂಗ್ಲಿಷ್ ಭಯ ಇದ್ರೆ, ಮೈಸೂರು ಕಡೆ ಶಾಪ್ ಫ್ಲೋರ್ ಕೆಲಸಕ್ಕೆ ಕನ್ನಡದಲ್ಲೇ ಮಾತಾಡಿದ್ರೂ ಯಾರೂ ಏನೂ ಅನ್ಕೊಳಲ್ಲ. ಸಾಫ್ಟ್‌ವೇರು, ಬಿಪಿಓ ಅಂದ್ರೆ ಇಂಗ್ಲಿಷ್ ಬೇಕೇ ಬೇಕು. ಬಸ್ಸಲ್ಲಿದ್ದಾಗ ಫೋನ್ ಬಂತಾ, "ಬಸ್ಸಲ್ಲಿದ್ದೀನಿ ಸಾರ್, ಇಪ್ಪತ್ತು ನಿಮಿಷ ಬಿಟ್ಟು ನಾನೇ ಮಾಡ್ಲಾ" ಅಂತ ಕೇಳಿ, ಆ ಕಂಡಕ್ಟರ್ ವಿಷಲ್ಲಿನ ಮಧ್ಯೆ ಕಿರುಚಬೇಡಿ.

ಲಕ್ಷಣ: ಇಂಟರ್ವ್ಯೂವರೆಗೂ ಹೋಗ್ತೀನಿ, ಪ್ರತಿ ಸಲ ಅಲ್ಲೇ ಬೀಳ್ತೀನಿ

ಒಂದು ಸಲ ಎರಡು ಸಲ ಬಿದ್ರೆ ಅದು ದೋಷ ಅಲ್ಲ, ಒಂದೇ ಸೀಟಿಗೆ ಹತ್ತು ಜನ ಬಂದಿರ್ತಾರೆ. ನಾಲ್ಕೈದು ಸಲ ಸಾಲಾಗಿ ಆದ್ರೆ ನೋಡಬೇಕು.

ಪುಕ್ಕಟೆ ಚೆಕ್: ಮೊಬೈಲಲ್ಲಿ ರೆಕಾರ್ಡ್ ಆನ್ ಮಾಡಿ "ನಿಮ್ಮ ಬಗ್ಗೆ ಹೇಳಿ" ಅನ್ನೋದಕ್ಕೆ ಉತ್ತರ ಹೇಳಿ, ವಾಪಸ್ ಕೇಳಿ. ಸ್ಕೂಲಲ್ಲಿ ಪದ್ಯ ಒಪ್ಪಿಸಿದಂಗೆ ಇದೆಯಾ? "ಮೈ ನೇಮ್ ಈಸ್, ಮೈ ಫಾದರ್ ಈಸ್ ಎ ಫಾರ್ಮರ್, ಮೈ ಮದರ್ ಈಸ್ ಎ ಹೌಸ್ ವೈಫ್" ಅಂತ ಶುರುವಾಗೋದನ್ನ ದಿನಕ್ಕೆ ಹದಿನೈದು ಸಲ ಕೇಳ್ತೀನಿ ಕಣ್ರಪ್ಪ. ನಿಮ್ಮಪ್ಪ ಅಮ್ಮನ ಮೇಲೆ ಗೌರವ ಇದೆ, ಆದ್ರೆ ನಾವು ಕೇಳಿದ್ದು ನೀವು ಏನ್ ಮಾಡಬಲ್ಲಿರಿ ಅಂತ. ಒಂದೂವರೆ ನಿಮಿಷ, ಓದು ಒಂದೇ ಸಾಲು, ಮಾಡಿರೋ ಒಂದು ಕೆಲಸ ಬಿಡಿಸಿ, ಈ ಕೆಲಸ ಯಾಕೆ ಅನ್ನೋದು ಒಂದು ಸಾಲು, ನಿಲ್ಸಿ.

ಮುಂದಿನ ಚೆಕ್, ನಿಮ್ಮ ಪ್ರಾಜೆಕ್ಟು. ಸಿಟಿ ಒಳಗೆ ದುಡ್ಡು ಕೊಟ್ರೆ ರೆಡಿ ಪ್ರಾಜೆಕ್ಟ್ ಮಾಡಿ ಕೊಡ್ತಾರೆ, ಅದು ನಿಮಗೂ ಗೊತ್ತು ನಮಗೂ ಗೊತ್ತು. ನಾವು ಕೇಳೋದು ಕಷ್ಟದ ಪ್ರಶ್ನೆ ಏನಲ್ಲ, "ಈ ಸೆನ್ಸರ್‌ನೇ ಯಾಕೆ ಹಾಕಿದ್ರಿ, ಬೇರೆ ಹಾಕಿದ್ರೆ ಏನಾಗ್ತಿತ್ತು, ಮೊದಲ ಸಲ ಆನ್ ಮಾಡಿದಾಗ ಏನ್ ಕೆಟ್ಟೋಯ್ತು". ಸ್ವಂತ ಮಾಡಿದವನು ಕೆಟ್ಟ ಕಥೆ ಖುಷಿಯಿಂದ ಹೇಳ್ತಾನೆ, ಸೋಲ್ಡರಿಂಗಲ್ಲಿ ಬೆರಳು ಸುಟ್ಟಿದ್ದನ್ನೂ ತೋರಿಸ್ತಾನೆ. ಕೊಂಡ್ಕೊಂಡವನು ಬ್ಲಾಕ್ ಡಯಾಗ್ರಾಮ್ ಒಪ್ಪಿಸ್ತಾನೆ. ಈಗ್ಲೂ ತಡವಾಗಿಲ್ಲ, ಆ ಬಾಕ್ಸ್ ಅಟ್ಟದಿಂದ ಇಳಿಸಿ, ಬಿಚ್ಚಿ, ಒಂದು ಭಾಗ ಆದ್ರೂ ನೀವೇ ಮತ್ತೆ ಜೋಡಿಸಿ ಓಡಿಸಿ. ಕೋಡ್ ಆದ್ರೂ ಅಷ್ಟೇ, ನೂರು ಸಾಲಿಂದಾಗ್ಲಿ, ಪ್ರತಿ ಸಾಲು ಯಾಕಿದೆ ಅಂತ ಹೇಳೋ ಥರ ಇರ್ಲಿ.

ಗೊತ್ತಿಲ್ಲದ್ದು ಕೇಳಿದ್ರೆ "ಗೊತ್ತಿಲ್ಲ ಸಾರ್, ಆದ್ರೆ ಇಲ್ಲಿಂದ ಹುಡುಕೋಕೆ ಶುರು ಮಾಡ್ತೀನಿ" ಅನ್ನಿ. ಸುತ್ತಿ ಬಳಸಿ ಕಥೆ ಕಟ್ಟಿದ್ರೆ ಎದುರಿಗೆ ಕೂತವರು ಆ ಮಷಿನ್ ಜೊತೆ ಇಪ್ಪತ್ತು ವರ್ಷ ಕಳೆದಿರ್ತಾರೆ, ಸುಮ್ನೆ ನಗ್ತಾರೆ. ಮಧ್ಯೆ ಒಂದು ವರ್ಷ ಗ್ಯಾಪ್ ಇದ್ರೂ ಹಾಗೇ, "ಕೆಎಎಸ್‌ಗೆ ಓದ್ತಿದ್ದೆ, ಆಗ್ಲಿಲ್ಲ, ಈಗ ಇದನ್ನೇ ಮಾಡ್ತೀನಿ ಅಂತ ತೀರ್ಮಾನ ಮಾಡಿದ್ದೀನಿ" ಅಂದ್ರೆ ಮುಗೀತು, ಸರಸ್ವತಿಪುರಂ ರೂಮಲ್ಲಿ ಕೂತು ಓದಿರೋ ಹುಡುಗ್ರನ್ನ ನಾವು ಕಂಡಿಲ್ವಾ.

ಇಲ್ಲಿಗೂ ಸರಿಹೋಗ್ಲಿಲ್ಲ ಅಂದ್ರೆ ವಿದ್ಯೇಲೇ ಕೊರತೆ ಇದೆ, ಈಗ ಪಂಪ್ ಎತ್ತಿಸ್ಬೇಕು, ಕೋರ್ಸಿನ ಮಾತು ಬರೋದು ಈಗ್ಲೇ. ಆದ್ರೂ ದುಡ್ಡು ಕೊಡೋ ಮುಂಚೆ ಅಪ್ರೆಂಟಿಸ್ ನೋಡಿ. 1961ರ ಕಾಯ್ದೆ ಪ್ರಕಾರ ಕಂಪ್ನಿಗಳು ಅಪ್ರೆಂಟಿಸ್ ತಗೋತವೆ, ಐಟಿಐಗೂ ಡಿಪ್ಲೊಮಾಗೂ ಡಿಗ್ರಿಗೂ ಇದೆ, ತಿಂಗಳಿಗೆ ಸ್ಟೈಪೆಂಡ್ ಕೊಡ್ತಾರೆ, ಸರ್ಕಾರದ ಪೋರ್ಟಲಲ್ಲಿ ಹೆಸರು ನೋಂದಾಯಿಸ್ಕೊಬೇಕು. ಒಂದು ವರ್ಷ ಶಾಪ್ ಫ್ಲೋರಲ್ಲಿ ನಿಂತವನಿಗೂ ಐವತ್ತು ಸಾವಿರದ ಸರ್ಟಿಫಿಕೇಟ್ ಹಿಡ್ಕೊಂಡು ಬಂದವನಿಗೂ ನಾನು ಯಾರನ್ನ ಕರೀತೀನಿ ಅಂತ ಹೇಳೋದೇ ಬೇಡ. ಡಿಗ್ರಿ, ಡಿಪ್ಲೊಮಾ ಹೊಸದಾಗಿ ಮುಗಿಸಿರೋರು ಕೆಲಸ ಸಿಗದವರಿಗೆ ರಾಜ್ಯ ಸರ್ಕಾರ ಕೊಡೋ ಯುವನಿಧಿ ಸಿಗುತ್ತಾ ಅಂತಾನೂ ನೋಡ್ಕೊಳಿ, ಡಿಗ್ರಿಗೆ ತಿಂಗಳಿಗೆ 3,000, ಡಿಪ್ಲೊಮಾಗೆ 1,500, ಹೆಚ್ಚು ಅಂದ್ರೆ ಎರಡು ವರ್ಷ. ಬಸ್ ಚಾರ್ಜು, ಜೆರಾಕ್ಸಿಗಾದ್ರೂ ಆಗುತ್ತೆ.

ಲಕ್ಷಣ: ಎಲ್ಲಾ ರೌಂಡ್ ಆಯ್ತು, "ಸೆಲೆಕ್ಟ್" ಅಂದ್ರು, ಆಮೇಲೆ ಸದ್ದೇ ಇಲ್ಲ

ವಾರ ಆದ್ರೆ ಒಂದು ಮೇಲ್ ಹಾಕಿ, ಎರಡು ಸಾಲು, ಯಾವ ಪೋಸ್ಟು ಯಾವತ್ತು ಬಂದಿದ್ದೆ ಅಂತ. ಇನ್ನೊಂದು ವಾರ ಬಿಟ್ಟು ಒಂದು ಫೋನು. ಅಷ್ಟೇ, ದಿನಾ ಗುಡ್ ಮಾರ್ನಿಂಗ್ ವಾಟ್ಸಾಪ್ ಬೇಡ. ಎಷ್ಟೋ ಸಲ ಆ ಪೋಸ್ಟೇ ನಿಂತೋಗಿರುತ್ತೆ, ಇಲ್ಲಾ ಒಳಗಿನವರಿಗೇ ಕೊಟ್ಟಿರ್ತಾರೆ, ನಿಮ್ಮ ಕಡೆ ತಿದ್ದೋಕೆ ಏನೂ ಇರಲ್ಲ. ನಮಗೆ ತಿಳಿಸೋಕೆ ಮುಖ ಇರಲ್ಲ, ಅದು ನಮ್ಮ ತಪ್ಪು, ಒಪ್ಕೊತೀನಿ.

ಆದ್ರೆ ನಿಮ್ಮ ಕಡೆ ಇರೋ ಒಂದು ದೋಷ ಇಲ್ಲಿ ಪದೇ ಪದೇ ಬರುತ್ತೆ, ಅದೇ ಇನಿಷಿಯಲ್ ಕಾಟ. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಲ್ಲಿ "ಮಂಜುನಾಥ ಎಂ ಸಿ", ಆಧಾರಲ್ಲಿ "ಮಂಜುನಾಥ್", ಪ್ಯಾನಲ್ಲಿ ಇನಿಷಿಯಲ್ ಬಿಡಿಸಿ ಊರು ಅಪ್ಪನ ಹೆಸರೆಲ್ಲ ಸೇರಿ ಉದ್ದಕ್ಕೆ. ನಮ್ಮ ಕಡೆ ಇದು ಮನೆಮನೆ ಕಥೆ. ವೆರಿಫಿಕೇಶನ್ ಮಾಡೋ ಏಜೆನ್ಸಿಯೋರಿಗೆ ಮೂರೂ ಬೇರೆ ಬೇರೆ ಜನ ಥರ ಕಾಣುತ್ತೆ, ಆಮೇಲೆ ಪಿಎಫ್ ಖಾತೆಗೆ ಆಧಾರ್ ಜೋಡಿಸೋವಾಗ್ಲೂ ಇದೇ ಅಡ್ಡ ಬರುತ್ತೆ. ಕೆಲಸ ಇಲ್ಲದ ದಿನಗಳಲ್ಲೇ ಮೂರನ್ನೂ ಟೇಬಲ್ ಮೇಲಿಟ್ಟು ಹೆಸರು, ಹುಟ್ಟಿದ ತಾರೀಕು ಅಕ್ಷರ ಅಕ್ಷರ ನೋಡಿ. ಮಾರ್ಕ್ಸ್ ಕಾರ್ಡ್‌ನ ಬುಡ ಮಾಡ್ಕೊಂಡು ಮಿಕ್ಕಿದ್ದನ್ನ ಅದಕ್ಕೆ ಹೊಂದಿಸೋದು ಸುಲಭ. ಆಫರ್ ಬಂದ್ಮೇಲೆ ಓಡಾಡಿದ್ರೆ ಆಗಲ್ಲ, ತಿದ್ದುಪಡಿಗೆ ಟೈಮ್ ಹಿಡಿಯುತ್ತೆ.

ಇನ್ನೊಂದು, ಡೂಪ್ಲಿಕೇಟ್ ಎಕ್ಸ್‌ಪೀರಿಯನ್ಸ್ ಲೆಟರ್. ಮಾಡಿಸಿದ್ರೆ ಇಲ್ಲೇ ಸಿಕ್ಕಿಬೀಳೋದು. ಪಿಎಫ್ ಇದ್ದ ಕಡೆ ಕೆಲಸ ಮಾಡಿದ್ರೆ ಯಾವ ತಿಂಗಳು ಸೇರಿದ್ರು ಯಾವ ತಿಂಗಳು ಬಿಟ್ರು ಅನ್ನೋದು ಯುಎಎನ್ (ಒಬ್ಬರಿಗೆ ಒಂದೇ ಇರೋ ಪಿಎಫ್ ನಂಬರ್) ದಾಖಲೇಲಿ ಇರುತ್ತೆ. ಸೇರಿ ಆರು ತಿಂಗಳಾದ್ಮೇಲೆ ಗೊತ್ತಾದ್ರೂ ತೆಗೀತಾರೆ. ಮಾಡಿಸಿದ್ದೀರ ಅಂತಾದ್ರೆ ಆ ಸಾಲನ್ನ ಇವತ್ತೇ ರೆಸ್ಯೂಮಿಂದ ತೆಗೀರಿ.

ಲಕ್ಷಣ: ಫೋನ್ ಏನೋ ಬರ್ತವೆ, ಆದ್ರೆ ಎಲ್ಲಾ ದುಡ್ಡು ಕೇಳೋವೇ

ಇಲ್ಲಿ ಚೆಕ್ ಪಕ್ ಏನಿಲ್ಲ, ಕರೆಂಟ್ ಹೊಡೆಯೋ ಜಾಗ, ಕೈ ತೆಗೀರಿ. ರಿಜಿಸ್ಟ್ರೇಶನ್‌ಗೆ, ಲ್ಯಾಪ್‌ಟಾಪ್‌ಗೆ, ಯೂನಿಫಾರಂಗೆ, "ಸೇರಿದ ಮೇಲೆ ವಾಪಸ್ ಕೊಡ್ತೀವಿ" ಅನ್ನೋ ಡೆಪಾಸಿಟ್‌ಗೆ ದುಡ್ಡು ಕೇಳಿದ್ರೆ ಅಲ್ಲಿಗೇ ನಿಲ್ಸಿ. ನೀಯತ್ತಿನ ಕನ್ಸಲ್ಟೆನ್ಸಿಗೆ ಕಂಪ್ನಿಯೋರು ದುಡ್ಡು ಕೊಡ್ತಾರೆ. ಇಂಟರ್ವ್ಯೂ ಇಲ್ಲ, ಬರೀ ಚಾಟಲ್ಲೇ ಸೆಲೆಕ್ಟ್ ಮಾಡಿದ್ರೆ ನಿಲ್ಸಿ. ಆಫರ್ ಲೆಟರಲ್ಲಿ ದೊಡ್ಡ ಕಂಪ್ನಿ ಹೆಸರಿದ್ದು ಮೇಲ್ ಬಂದಿರೋದು ಯಾವುದೋ ಜಿಮೇಲಿಂದ ಅಂದ್ರೆ ಆ ಕಂಪ್ನಿ ಸ್ವಂತ ವೆಬ್‌ಸೈಟಲ್ಲಿರೋ ನಂಬರ್‌ಗೆ ಫೋನ್ ಮಾಡಿ ಕೇಳಿ, ಲೆಟರಲ್ಲಿರೋ ನಂಬರ್‌ಗಲ್ಲ.

ಟೆಲಿಗ್ರಾಮಲ್ಲಿ ಹೋಟ್ಲಿಗೆ ಸ್ಟಾರ್ ಕೊಟ್ರೆ ದುಡ್ಡು ಅಂತ ಶುರು ಮಾಡ್ತಾರೆ, ಮೊದಲ ದಿನ ಇನ್ನೂರು ಮುನ್ನೂರು ನಿಜವಾಗ್ಲೂ ಹಾಕ್ತಾರೆ, ಆಮೇಲೆ "ಪ್ರೀಪೇಯ್ಡ್ ಟಾಸ್ಕ್" ಅಂತ ನಿಮ್ಮಿಂದ ಕಿತ್ಕೊತಾರೆ. ಇನ್ನೂ ಕೆಟ್ಟದ್ದು, ಸಂಬಳದ ಖಾತೆ ಅಂತ ಬ್ಯಾಂಕಲ್ಲಿ ಅಕೌಂಟ್ ಮಾಡ್ಸಿ ಎಟಿಎಂ ಕಾರ್ಡು ಸಿಮ್ಮು ಇಸ್ಕೊಳೋದು. ಆ ಖಾತೆಗೆ ಬೇರೆಯವರಿಂದ ಕದ್ದ ದುಡ್ಡು ಬರುತ್ತೆ, ಪೊಲೀಸ್ರು ಹುಡ್ಕೊಂಡು ಬರೋದು ನಿಮ್ಮ ಮನೆಗೆ. ಥಾಯ್ಲೆಂಡಲ್ಲಿ ಡೇಟಾ ಎಂಟ್ರಿ, ಟಿಕೆಟ್ ನಾವೇ ಹಾಕ್ತೀವಿ ಅಂದ್ರೆ ಬೇಡವೇ ಬೇಡ, ಹಾಗೆ ಹೋದ ಭಾರತದ ಹುಡುಗ್ರನ್ನ ಮ್ಯಾನ್ಮಾರ್‌ಗೆ ದಾಟಿಸಿ ಕೂಡಿ ಹಾಕಿ ಸೈಬರ್ ವಂಚನೆ ಮಾಡಿಸಿದ್ದಾರೆ, ವಿದೇಶಾಂಗ ಇಲಾಖೆಯೇ ಎಚ್ಚರಿಕೆ ಕೊಟ್ಟಿದೆ.

ದಾಖಲೆ ವಿಷಯ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಯಾರ ಹತ್ರಾನೂ ಬಿಡಬೇಡಿ, ತೋರಿಸಿ ವಾಪಸ್ ತಗೊಳಿ. ಆಧಾರ್ ಕೇಳಿದ್ರೆ ಕೊನೇ ನಾಲ್ಕು ಅಂಕಿ ಮಾತ್ರ ಕಾಣೋ ಮಾಸ್ಕ್ ಮಾಡಿದ ಪ್ರತಿ ಡೌನ್‌ಲೋಡ್ ಮಾಡ್ಕೊಂಡು ಕೊಡಿ, ಜೆರಾಕ್ಸ್ ಆದ್ರೆ ಅಡ್ಡಕ್ಕೆ ಯಾವ ಕೆಲಸಕ್ಕೆ ಯಾವ ತಾರೀಕು ಅಂತ ಬರೆದು ಸೈನ್ ಹಾಕಿ. ಆಫರೇ ಇಲ್ದೇ ಬ್ಯಾಂಕ್ ಡೀಟೇಲ್ಸು ಓಟಿಪಿ ಕೇಳೋನು ಕಳ್ಳ, ಅದರಲ್ಲಿ ಯೋಚನೆ ಮಾಡೋದೇನಿಲ್ಲ.

ದುಡ್ಡು ಆಗ್ಲೇ ಹೋಗಿದ್ರೆ ಮರ್ಯಾದೆ ಹೋಗುತ್ತೆ ಅಂತ ಮುಚ್ಚಿಡಬೇಡಿ, ಆ ಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ಹೇಳ್ತೀರೋ ದುಡ್ಡನ್ನ ಅಲ್ಲೇ ತಡೆಯೋ ಅವಕಾಶ ಅಷ್ಟು ಜಾಸ್ತಿ. ಆಮೇಲೆ ಬ್ಯಾಂಕು, ಆಮೇಲೆ ಸ್ಟೇಶನ್ನು. ಚಾಟು, ನಂಬರು, ಟ್ರಾನ್ಸಾಕ್ಷನ್ ಐಡಿ ಯಾವುದನ್ನೂ ಡಿಲೀಟ್ ಮಾಡಬೇಡಿ.

ಲಕ್ಷಣ: ಎಲ್ಲಾ ಚೆಕ್ ಮಾಡಿದೆ, ಎಲ್ಲಾ ಸರಿ ಇದೆ, ಆದ್ರೂ ಓಡ್ತಿಲ್ಲ

ಆಗುತ್ತೆ. ಮೋಟ್ರು ಸರಿ ಇದ್ದು ಬೋರಲ್ಲಿ ನೀರೇ ಕೆಳಗೆ ಹೋಗಿರುತ್ತೆ. ಆಗ ಪೈಪ್ ಇನ್ನೆರಡು ಇಳಿಸ್ಬೇಕು ಇಲ್ಲಾ ಬೇರೆ ಕಡೆ ಪಾಯಿಂಟ್ ನೋಡಬೇಕು. ಮೈಸೂರಿನ ಹೆಬ್ಬಾಳ ಹೂಟಗಳ್ಳಿ ಮಾತ್ರ ನೋಡ್ತಿದ್ರೆ ನಂಜನಗೂಡು ಇಂಡಸ್ಟ್ರಿಯಲ್ ಏರಿಯಾ ನೋಡಿ, ಮಂಡ್ಯದವರು ಗೆಜ್ಜಲಗೆರೆ ನೋಡಿ. ಪೋರ್ಟಲ್‌ಗೆ ಬರದೇ ಇರೋ ಕೆಲಸ ಬಹಳ ಇದೆ, ಸಣ್ಣ ಫ್ಯಾಕ್ಟರಿಗಳು ಗೇಟಿಗೆ ಒಂದು ಬೋರ್ಡ್ ನೇತು ಹಾಕಿ ಸುಮ್ನಾಗ್ತವೆ. ಒಂದು ದಿನ ಮೂರು ಜೆರಾಕ್ಸ್ ಹಿಡ್ಕೊಂಡು ಬೆಳಗ್ಗೆ ಹತ್ತರ ಮೇಲೆ ಹೋಗಿ, ಶಿಫ್ಟ್ ಬದಲಾಗೋ ಹೊತ್ತಲ್ಲಿ ಹೋಗಬೇಡಿ, ಸೆಕ್ಯುರಿಟಿ ಅಣ್ಣನ ಹತ್ರ ಮರ್ಯಾದೆಯಿಂದ "ಎಚ್‌ಆರ್ ಹೆಸರೇನಣ್ಣ" ಅಂತ ಕೇಳಿ, ಕವರ್ ಮೇಲೆ ಆ ಹೆಸರು ಬರೆದು ಕೊಡಿ. ಜಿಲ್ಲಾ ಉದ್ಯೋಗ ವಿನಿಮಯ ಕಚೇರೀಲಿ ಹೆಸರು ಬರೆಸಿ, ಉದ್ಯೋಗ ಮೇಳ ಇದ್ರೆ ಹೋಗಿ, ಎಲ್ಲಾ ಸ್ಟಾಲಿಗೂ ರೆಸ್ಯೂಮ್ ಹಂಚ್ಕೊಂಡು ಬರಬೇಡಿ, ನಾಲ್ಕು ಆರಿಸ್ಕೊಂಡು ನಿಂತು ಮಾತಾಡಿ.

ಇದರ ಮಧ್ಯೆ ನಿಮಗೆ ನಿದ್ದೆ ಬರ್ತಿಲ್ಲ, ಊಟ ಸೇರ್ತಿಲ್ಲ, ಮದುವೆ ಮನೆಗೆ ಹೋದ್ರೆ "ಏನಪ್ಪ ಇನ್ನೂ ಏನೂ ಆಗ್ಲಿಲ್ವಾ" ಅಂತಾರೆ ಅಂತ ಹೋಗೋದೇ ಬಿಟ್ಟಿದ್ದೀರ, ಬದುಕೇ ಬೇಡ ಅನ್ನೋ ಯೋಚನೆ ಒಂದು ಸಲ ಬಂದಿದ್ರೂ ರೆಸ್ಯೂಮ್ ಮುಚ್ಚಿಡಿ. ಒಬ್ಬರೇ ಇರಬೇಡಿ, ಅಮ್ಮನ ಹತ್ರ ಆಗ್ಲಿ ಫ್ರೆಂಡ್ ಹತ್ರ ಆಗ್ಲಿ ಅವತ್ತೇ ಬಾಯಿ ಬಿಟ್ಟು ಹೇಳಿ. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, 14416, ಹಗಲು ರಾತ್ರಿ ಇರುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಅಪ್ಲಿಕೇಶನ್ ನೋಟ್‌ಬುಕ್ಕಿನ ಮೊದಲ ಪೇಜಲ್ಲೇ ಆ ನಂಬರ್ ಬರೆದಿಟ್ಟಿರಿ, 1930 ಅದರ ಕೆಳಗೆ.